ಪೂಜೆಗೆ ಕೂತ ಸೈಕಲ್ಲು

ಸೈಕಲ್ಲು ಭಾರವಾಗಿದೆ ಎಂದು ಸೌಂದರ್ಯಾ ಶಿವಾಜಿನಗರದ ಜಿಯಾವುಲ್ಲಾನ ಅಂಗಡಿಗೆ ಬಂದದ್ದು ಆ ತಿಂಗಳಲ್ಲಿ ಅದು ಮೂರನೆಯ ಸಲ. ಮೊದಲ ಸಲ ಚೈನು ಅಂದಿದ್ದಳು. ಎರಡನೆಯ ಸಲ ಪೆಡಲಿನ ಬೇರಿಂಗು. ಈ ಸಲ ಹಿಂದಿನ ಚಕ್ರ ಎಲ್ಲೋ ಉಜ್ಜುತ್ತಿದೆ ಅಂದಳು. ಜಿಯಾವುಲ್ಲಾ ಸೈಕಲ್ಲನ್ನು ಕೊಕ್ಕೆಗೆ ನೇತುಹಾಕಿ, ಹಿಂದಿನ ಚಕ್ರವನ್ನು ಒಂದು ಬೆರಳಿನಿಂದ ತಿರುಗಿಸಿ ಬಿಟ್ಟು, ಪಕ್ಕದ ಹೋಟೆಲಿಗೆ ಟೀ ಹೇಳಿದ. ಟೀ ಬಂತು, ಅರ್ಧ ಕುಡಿದೂ ಆಯಿತು. ಚಕ್ರ ಇನ್ನೂ ತಿರುಗುತ್ತಲೇ ಇತ್ತು.

"ಉಜ್ತಾ ಇದೆಯಾ?" ಅಂದ.

"ಏರು ಬಂದಾಗ ಉಜ್ತದ ಚಾಚಾ."

"ಕೊಕ್ಕೆ ಮೇಲೆ ಏರು ಎಲ್ಲಿಂದ ತರ್ಲಿ ಬೇಟಾ?"

ಆ ಸೈಕಲ್ಲು ಅವನದೇ. ಮನೆ ಮಾರಿ ಆಸ್ಟ್ರೇಲಿಯಾಕ್ಕೆ ಹೊರಟ ಫ್ರೇಜರ್‌ಟೌನಿನ ಮುದುಕನೊಬ್ಬನಿಂದ ಅದರ ಫ್ರೇಮು ಕೊಂಡು, ಗಾಲಿ ಗೇರು ಹೊಂದಿಸಿ, ಅವಳಿಗೆ ರೇಸುಗಳಲ್ಲಿ ಓಡಿಸಲು ಕೊಟ್ಟಿದ್ದ. ಧರ್ಮಕ್ಕಲ್ಲ. ಅವಳ ಬನಿಯನ್ನಿನ ಬೆನ್ನ ಮೇಲೆ ಅಂಗಡಿಯ ಹೆಸರು ಇರಬೇಕೆಂಬ ಕರಾರಿತ್ತು. ಬೆನ್ನ ಮೇಲೇ ಯಾಕೆಂದರೆ ಹಿಂದೆ ಬಿದ್ದವರೆಲ್ಲ ಓದಿಕೊಳ್ಳಲಿ ಅಂತ. ಯುಗಾದಿಯಿಂದ ಆಷಾಢದವರೆಗೆ ಊರೂರಿನ ಹುಡುಗಿಯರು ಓದಿಕೊಂಡರು. ಗಣೇಶನ ಹಬ್ಬ ಕಳೆದ ಮೇಲೆ ಓದುವವರು ಕಡಿಮೆಯಾಗುತ್ತ ಬಂದು, ಈಗೀಗ ಆ ಬೋರ್ಡು ಎಲ್ಲರಿಗಿಂತ ಹಿಂದೆ, ಆಂಬುಲೆನ್ಸಿನವರಿಗೆ ಮಾತ್ರ ಕಾಣುತ್ತಿತ್ತು.

ಸೌಂದರ್ಯಾ ಅಫಜಲಪುರದ ಕಡೆಯವಳು. ಕ್ರೀಡಾ ಹಾಸ್ಟೆಲಿನಲ್ಲಿ ಸೈಕಲ್ಲು ಹಿಡಿದವಳು, ಅದರ ಹಿಂದೆಯೇ ಬೆಂಗಳೂರಿಗೆ ಬಂದಳು. ಅವಳ ಹಿಂದೆ ತಾಯಿ ಜಟ್ಟೆಮ್ಮ ಬಂದಳು. ಇಬ್ಬರೂ ಕೆ.ಆರ್. ಪುರದ ಒಂದು ವಠಾರದ ಕೋಣೆಯಲ್ಲಿದ್ದರು. ಜಟ್ಟೆಮ್ಮನದು ಗಾರೆ ಕೆಲಸ. ಇಂದಿರಾನಗರದಲ್ಲಿ ಏಳುತ್ತಿದ್ದ ಮನೆಗಳ ಮೂರನೆಯ ಮಹಡಿಗೆ ಬಾಂಡ್ಲಿಯಲ್ಲಿ ಸಿಮೆಂಟು ಹೊತ್ತು ಹೊತ್ತು ಅವಳ ಕತ್ತು ಒಂದು ಕಡೆ ವಾಲಿಯೇ ನಿಂತಿತ್ತು. ದಸರೆಯ ಮರುಭಾನುವಾರ ಹಳೇ ಮದ್ರಾಸು ರಸ್ತೆಯಲ್ಲಿ ಒಂದು ರೇಸು. ಅದರಲ್ಲಿ ಮೊದಲ ಮೂವರು ಹುಡುಗಿಯರಿಗೆ ಒಂದು ದೊಡ್ಡ ಕಾರ್ಖಾನೆಯ ತಂಡದಲ್ಲಿ ಜಾಗ, ಜೊತೆಗೆ ಕಾಯಂ ನೌಕರಿ. ಬಾಂಡ್ಲಿ ಕೆಳಗಿಳಿಯಬೇಕಾದರೆ ಸೌಂದರ್ಯಾ ಆ ಮೂವರಲ್ಲಿ ಒಬ್ಬಳಾಗಬೇಕಿತ್ತು. ಇದು ವಠಾರಕ್ಕೆಲ್ಲ ಗೊತ್ತಿದ್ದ ವಿಷಯ. ನಲ್ಲಿಯ ಹತ್ತಿರ ನಿಂತರೂ, ಗಿರಣಿಗೆ ಹೋದರೂ, "ಕೆಲ್ಸ ಯಾವಾಗಮ್ಮ?" ಎಂದೇ ಕೇಳುತ್ತಿದ್ದರು.

ಅವಳಿಗೆ ಕಲಿಸುತ್ತಿದ್ದವರು ಕಾಕ್ಸ್‌ಟೌನಿನ ಚಿನ್ನಪ್ಪ ಸರ್. ಒಳ್ಳೆಯ ಮನುಷ್ಯ, ದುಡ್ಡು ಮುಟ್ಟಿದವರಲ್ಲ. ಅವರಲ್ಲಿದ್ದದ್ದು ಒಂದೇ ಔಷಧಿ. ಗೆದ್ದರೆ ಇನ್ನಷ್ಟು ಓಡಿಸು, ಸೋತರೆ ಅದರ ಎರಡರಷ್ಟು ಓಡಿಸು. ಗಿರಾಕಿ ಬರುತ್ತಿಲ್ಲವೆಂದು ಅಂಗಡಿಯನ್ನು ರಾತ್ರಿಯೆಲ್ಲ ತೆರೆದಿಡುವವರ ಜಾತಿ. ಬೆಳಕು ಹರಿಯುವ ಮೊದಲೇ ಸ್ಕೂಟರ್ ತಂದು ನಿಲ್ಲಿಸುವರು. ಅವಳು ಅದರ ಹಿಂದೆ, ಗಾಳಿಯ ಮರೆಯಲ್ಲಿ, ನಂಬರ್ ಪ್ಲೇಟಿನಿಂದ ಒಂದು ಗೇಣು ದೂರದಲ್ಲಿ ಹೊಸಕೋಟೆಯವರೆಗೆ ತುಳಿಯಬೇಕು.

ಮೊದಮೊದಲು ಆ ಒಂದು ಗೇಣು ಅವಳಿಗೆ ಹಬ್ಬವಾಗಿತ್ತು. ಈಗ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೈ ಸೋತು ಚಾಪೆಗೆ ಬಿದ್ದರೂ ಕಣ್ಣು ಮುಚ್ಚುತ್ತಿರಲಿಲ್ಲ. ಬಾಗಿಲ ಹತ್ತಿರ ಬಿಟ್ಟ ಶೂ ಕಂಡರೆ ಅಳು ಬರುತ್ತಿತ್ತು. ಜ್ವರವಿಲ್ಲ, ನೋವಿಲ್ಲ, ತೋರಿಸಲು ಒಂದು ಗಾಯವೂ ಇಲ್ಲ. ಗಾಯವಿಲ್ಲದವರು ಸುಸ್ತು ಅಂದರೆ ಅದಕ್ಕೆ ಜನ ಇಡುವ ಹೆಸರು ಸೋಮಾರಿತನ. ಕತ್ತು ವಾಲಿದ ತಾಯಿಯ ಮುಂದೆ ನಿಂತು ಸುಸ್ತು ಅನ್ನುವುದಾದರೂ ಹೇಗೆ? ಅದಕ್ಕೇ ಅವಳು ಸೈಕಲ್ಲಿನ ಮೇಲೆ ತಪ್ಪು ಹೊರಿಸುತ್ತ ಬಂದಿದ್ದಳು. ಸೈಕಲ್ಲು ಎದುರು ಮಾತಾಡುವುದಿಲ್ಲ.

ಜಿಯಾವುಲ್ಲಾ ಟೀ ಮುಗಿಸಿ, ಮುಂದಿನ ಬ್ರೇಕ್ ಅದುಮಿ ನೋಡಿದ. ಹಿಡಿ ಹ್ಯಾಂಡಲಿಗೆ ತಾಗುವವರೆಗೂ ಸುಮ್ಮನೆ ಬಂತು. ಬಗ್ಗಿ ನೋಡಿದ. ಕೇಬಲ್ ಕಚ್ಚಿಹಿಡಿಯುವ ನಟ್ಟು ಸಡಿಲವಾಗಿತ್ತು. ರಸ್ತೆಯ ಕುಲುಕಾಟಕ್ಕೆ ಸಡಿಲವಾದ ನಟ್ಟಿನ ಮೇಲೆ ಧೂಳು ಇರುತ್ತದೆ. ಇದರ ಮೇಲೆ ಪಾನಾ ಹಚ್ಚಿ ತಿರುವಿದ ಹೊಸ ಹೊಳಪಿತ್ತು.

ಅವನು ತಲೆ ಎತ್ತಿದ. ಸೌಂದರ್ಯಾ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು.

ಹಿಂದಿನ ಸಂಜೆ ಅದನ್ನು ಸಡಿಲ ಮಾಡಿದವಳು ಅವಳೇ. ಬಿದ್ದು ಕೈ ಮುರಿದರೆ ಸಾಕು, ಪ್ಲಾಸ್ಟರ್ ಹಾಕಿದ ಕೈಯನ್ನು ಯಾರೂ ಸೋಮಾರಿ ಅನ್ನುವುದಿಲ್ಲ ಎಂಬ ಲೆಕ್ಕ. ಬೆಳಿಗ್ಗೆ ಇಳಿಜಾರಿನಲ್ಲಿ ಚಿನ್ನಪ್ಪ ಸರ್ ಸ್ಕೂಟರಿಗೆ ಎಮ್ಮೆಯೊಂದು ಅಡ್ಡ ಬಂತು. ಅವರು ಗಕ್ಕನೆ ನಿಂತರು. ಅವಳ ಮುಂದಿನ ಬ್ರೇಕ್ ಹಿಡಿಯಲೇ ಇಲ್ಲ. ಹಿಂದಿನದೊಂದರಲ್ಲೇ ಸೈಕಲ್ಲು ಬಾಲ ಒದರಿ, ನಂಬರ್ ಪ್ಲೇಟಿಗೆ ಟೈರು ಸವರಿ, ಹೇಗೋ ನಿಂತಿತು. ಬೀಳಲಿಲ್ಲ. ಉಳಿದೆನೆಂದು ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಯ್ಯೋ ತಪ್ಪಿಹೋಯಿತಲ್ಲ ಎನಿಸಿತು. ಹಾಗೆ ಅನಿಸಿದ್ದೇ ಅವಳನ್ನು ಎಮ್ಮೆಗಿಂತ ಹೆಚ್ಚು ಹೆದರಿಸಿತು. ಮುಂದಿನ ಬ್ರೇಕಿನ ಮಾತು ಬಾಯಿಗೆ ಬರದೆ, ಹಿಂದಿನ ಚಕ್ರ ಎಂದುಕೊಂಡು ಅಂಗಡಿಗೆ ಬಂದಿದ್ದಳು.

ಜಿಯಾವುಲ್ಲಾ ಕೈ ಒರೆಸಿಕೊಂಡ. "ನೀನು ಹೇಳಿದ್ದೇ ಸರಿ. ಹಿಂದಿನ ಆಕ್ಸಲ್ ಹೋಗಿದೆ. ಲೂಧಿಯಾನದಿಂದ ಬರ್ಬೇಕು. ಬಿಟ್ಟು ಹೋಗು."

ತಾನೇ ಹುಟ್ಟಿಸಿದ ರೋಗಕ್ಕೆ ಡಾಕ್ಟರು ಸರ್ಟಿಫಿಕೇಟು ಬರೆದುಕೊಟ್ಟ ಹಾಗಾಯಿತು. ಸೌಂದರ್ಯಾ ಸೈಕಲ್ಲು ಬಿಟ್ಟು ಬಸ್ಸು ಹತ್ತಿದಳು. ಹಲಸೂರು ದಾಟುವಷ್ಟರಲ್ಲಿ ನಿದ್ದೆ ಹೋಗಿ, ಇಳಿಯುವ ಸ್ಟಾಪನ್ನೂ ದಾಟಿಬಿಟ್ಟಳು.

ಚಿನ್ನಪ್ಪ ಸರ್ ಮಾರನೆಯ ದಿನ ಅಂಗಡಿಗೆ ಬಂದು ಕೂಗಾಡಿದರು. ರೇಸು ತಲೆಯ ಮೇಲಿರುವಾಗ ಆಕ್ಸಲ್ ಎಂದರೇನು, ಬೇರೆ ಯಾವುದರದಾದರೂ ಬಿಚ್ಚಿ ಹಾಕು ಅಂದರು. ಅಳತೆ ಕೂರುವುದಿಲ್ಲ ಸಾರ್, ಫಾರಿನ್ ಮಾಲು ಎಂದು ಜಿಯಾವುಲ್ಲಾ ಕೈ ಚೆಲ್ಲಿದ. ಹಾಗಾದರೆ ನಾಳೆ ಹೇಗಿದೆಯೋ ಹಾಗೆ ಕೊಡು, ಇಲ್ಲ ಅಂದರೆ ಬೇರೆ ಸೈಕಲ್ಲು ತರುತ್ತೇನೆ, ಆಗ ಅವಳ ಬನಿಯನ್ ಮೇಲೆ ಬೇರೆ ಅಂಗಡಿಯ ಹೆಸರಿರುತ್ತದೆ ಎಂದು ಹೇಳಿ ಹೋದರು. ಸುಳ್ಳು ಎಷ್ಟೇ ಗಟ್ಟಿಯಾಗಿದ್ದರೂ ಅದಕ್ಕೂ ಒಂದು ವಾಯಿದೆ ಇರುತ್ತದೆ ಎಂಬುದು ಜಿಯಾವುಲ್ಲಾನಿಗೆ ಗೊತ್ತಿತ್ತು. ಆ ವಾರ ಇಡೀ ಶಿವಾಜಿನಗರದ ಗಾಡಿಗಳು ಆಯುಧಪೂಜೆಗೆಂದು ಅವನ ಬಾಗಿಲಲ್ಲಿ ತೊಳೆಸಿಕೊಳ್ಳಲು ನಿಂತಿದ್ದವು. ಅವನ್ನು ನೋಡುತ್ತ ನೋಡುತ್ತ ದಾರಿ ಹೊಳೆಯಿತು.

ಸಂಜೆ ಸೈಕಲ್ಲನ್ನು ಥಳಥಳ ಉಜ್ಜಿ, ಆಟೋದಲ್ಲಿ ಹಾಕಿಕೊಂಡು ಕೆ.ಆರ್. ಪುರಕ್ಕೇ ಬಂದ. ಜಟ್ಟೆಮ್ಮ ಬಾಂಡ್ಲಿ, ಸನಿಕೆ, ಕುಡುಗೋಲು ಎಲ್ಲ ತೊಳೆದು ಗೋಡೆಗೆ ಒರಗಿಸುತ್ತಿದ್ದಳು. ಅಂಗಡಿಯಲ್ಲಿ ತನಗೆ ಪೂಜೆ ಗೀಜೆ ಬರುವುದಿಲ್ಲ, ಇದನ್ನೂ ಜೊತೆಗೆ ಕೂರಿಸಿಬಿಡಿ ಎಂದು ಅವಳನ್ನು ಕೇಳಿಕೊಂಡ. ಆಮೇಲೆ ಏನೋ ಈಗ ನೆನಪಾದವನಂತೆ, "ಅಲ್ಲಾ ಅಮ್ಮಾ, ನಿಮ್ಮ ಕಡೆ ಪೂಜೆಗೆ ಕೂತ ಸಾಮಾನು ಎತ್ತಬಾರದು ಅಂತಾರಂತೆ, ಹೌದಾ?" ಅಂದ.

"ಬನ್ನಿ ಕೊಡೂತನಕ ಮುಟ್ಟಂಗಿಲ್ಲಪ್ಪ," ಅಂದಳು ಜಟ್ಟೆಮ್ಮ, ಇದೂ ಕೇಳುವ ಮಾತೇ ಎಂಬಂತೆ.

ಹೋಗುವಾಗ ಗೇಟಿನ ಹತ್ತಿರ ಸೌಂದರ್ಯಾಳನ್ನು ಕರೆದು ಮೆಲ್ಲಗೆ ಹೇಳಿದ. "ಮುಂದಿನ ಬ್ರೇಕ್ ಬಿಗಿ ಮಾಡಿದೀನಿ. ಇನ್ನೊಂದ್ಸಲ ಸಡಿಲ ಮಾಡ್ಬೇಕು ಅನ್ನಿಸಿದ್ರೆ ಅಂಗಡಿಗೆ ತಗೊಂಬಾ. ನಾನೇ ಮಾಡಿಕೊಡ್ತೀನಿ."

ಅವಳಿಗೆ ತಲೆ ಎತ್ತಲಾಗಲಿಲ್ಲ.

ಹಬ್ಬದ ಬೆಳಿಗ್ಗೆ ವಠಾರದ ಮುಂದೆ ಸ್ಕೂಟರಿನ ಸದ್ದು ಕೇಳಿತು. ಚಿನ್ನಪ್ಪ ಸರ್ ಸೈಕಲ್ಲು ಹುಡುಕಿಕೊಂಡು ಹೊಸ್ತಿಲಿಗೇ ಬಂದರು. ಒಳಗೆ ಸೈಕಲ್ಲು ಕುಂಕುಮ, ಚೆಂಡು ಹೂ ಹೊತ್ತು, ಬಾಂಡ್ಲಿಯ ಪಕ್ಕ ಮದುಮಗಳ ಹಾಗೆ ಕೂತಿತ್ತು. ಅವರು ಕೈ ಚಾಚಿದರು. ಜಟ್ಟೆಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವಳು ಆ ಮನುಷ್ಯನಿಗೆ ಎದುರು ಮಾತಾಡಿದ್ದನ್ನು ಮಗಳು ಅಂದಿನವರೆಗೆ ಕಂಡಿರಲಿಲ್ಲ.

"ನೌಕರಿ ಹೋಗುತ್ತೆ ಜಟ್ಟೆಮ್ಮ," ಅಂದರು ಸರ್. "ಈ ಸಲ ತಪ್ಪಿದ್ರೆ ಮತ್ತೆ ಯಾವಾಗ ಕರೀತಾರೋ ಗೊತ್ತಿಲ್ಲ."

"ನನ್ನ ಬಾಂಡ್ಲಿನೂ ಕುಂತದ ನೋಡ್ರಿ ಸರ್. ಬಾಂಡ್ಲಿಗೇ ಸೂಟಿ ಅದ, ನನ್ನ ಮಗಳಿಗಿ ಇಲ್ಲೇನ್ರಿ?" ಎಂದು, ಮಗಳ ಕಡೆ ತಿರುಗಿ ಅವಳ ಮುಖವನ್ನು ಬಹಳ ದಿನದ ಮೇಲೆ ಎಂಬಂತೆ ನೋಡಿದಳು. "ಮಾರಿ ನೋಡ್ರಿ ಹ್ಯಾಂಗ ಆಗ್ಯಾದ."

ಹೋಳಿಗೆ ಒಂದು ತಟ್ಟೆ ತಿಂದು ಸರ್ ಸಿಟ್ಟಿನಲ್ಲೇ ಹೋದರು. ದೇವರ ಜೊತೆ ಕೂತ ಸೈಕಲ್ಲನ್ನು ಎಳೆಯುವ ಧೈರ್ಯ ಯಾರಿಗಿದೆ? ಸೌಂದರ್ಯಾ ಆ ದಿನ ಮಲಗಿದಳು, ಎದ್ದು ಉಂಡಳು, ಮತ್ತೆ ಮಲಗಿದಳು. ಮರುದಿನ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಅಂದವರಿಗೆಲ್ಲ ಮುಖ ಎತ್ತಿ ಹೂಂ ಅಂದಳು. ಆದರೆ ಸೈಕಲ್ಲು ಹತ್ತಿದಾಗ ಕಾಲು ಮರದ ಹಾಗೆ ಬಿಗಿದಿತ್ತು. ವಿಶ್ರಾಂತಿಯೂ ಕೈಕೊಟ್ಟಿತು ಅಂದುಕೊಂಡಳು.

ಭಾನುವಾರ ರೇಸಿನಲ್ಲಿ ಹೊಸಕೋಟೆ ಮುಟ್ಟಿ ತಿರುಗುವವರೆಗೂ ಹಾಗೇ. ಮುಂಚೂಣಿಯ ಏಳು ಹುಡುಗಿಯರಲ್ಲಿ ಕೊನೆಯವಳಾಗಿ, ಹಲ್ಲು ಕಚ್ಚಿ, ಮುಂದಿನವಳ ಟೈರನ್ನೇ ನೋಡುತ್ತ ತುಳಿದಳು. ಮೇಡಹಳ್ಳಿಯ ಹತ್ತಿರ ಯಾವುದೋ ಲಾರಿಯಿಂದ ಮರಳು ಚೆಲ್ಲಿತ್ತು. ಅವಳ ಮುಂದಿದ್ದ ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದರು. ಇಷ್ಟು ದಿನ ಅವಳು ಬೇಡಿಕೊಂಡದ್ದು ಈಗ ಅವಳ ಗಾಲಿಯ ಮುಂದೆಯೇ ಬಂದು ಬಿದ್ದಿತ್ತು. ಕೈ ಬಿಟ್ಟರೆ ಸಾಕು, ಯಾರೂ ಏನೂ ಅನ್ನುತ್ತಿರಲಿಲ್ಲ.

ಕೈ ಅವಳನ್ನು ಕೇಳಲಿಲ್ಲ. ಬ್ರೇಕ್ ಅದುಮಿತು. ಮುಂದಿನದು ಕಚ್ಚಿ ಹಿಡಿಯಿತು. ಸೈಕಲ್ಲು ಮರಳಿನ ಅಂಚಿಗೆ ಜಾರಿ, ಮಣ್ಣಿಗಿಳಿದು, ಮತ್ತೆ ಡಾಂಬರಿಗೆ ಹತ್ತಿತು.

ಅಷ್ಟರಲ್ಲಿ ಉಳಿದ ನಾಲ್ವರು ದೂರ ಹೋಗಿದ್ದರು. ಗಾಳಿಗೆ ಮರೆಯಿಲ್ಲ, ಸ್ಕೂಟರಿಲ್ಲ. ಬದುಕಿಕೊಂಡೆ ಎಂಬ ಸಂತೋಷ ಒಂದು ವಾರ ತಡವಾಗಿ ಬಂದು, ಕಾಲಿನ ಬಿಗಿತ ಬಿಟ್ಟುಕೊಂಡಿತು. ಒಬ್ಬಳನ್ನು ದಾಟಿದಳು. ಕೊನೆಯ ಗೆರೆಯ ಹತ್ತಿರ, ಗಾಲಿಯಷ್ಟು ಅಂತರದಲ್ಲಿ, ಇನ್ನೊಬ್ಬಳನ್ನು.

ಮೂರನೆಯವಳು. ಕಾರ್ಖಾನೆಗೆ ಬೇಕಾಗಿದ್ದದ್ದೂ ಮೂರೇ. ಇದನ್ನು ಲಾಭ ಅನ್ನಲಾಗದು, ಅಸಲು ಕೈಗೆ ಬಂತು ಅನ್ನಬಹುದು.

ಚಿನ್ನಪ್ಪ ಸರ್ ಓಡಿ ಬಂದು ಭುಜ ತಟ್ಟಿ, ಮೂರನೆಯದು ಸಾಲದು, ನ್ಯಾಷನಲ್ಸ್‌ಗೆ ನಾಳೆಯಿಂದಲೇ ಶುರು, ಇನ್ನೂ ಬೇಗ ಏಳಬೇಕು ಎಂದು ಹೇಳತೊಡಗಿದರು. ಸೌಂದರ್ಯಾ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಗಿತ್ತು.

"ಸೈಕಲ್ಲು ಚಾಚಾನ ಹತ್ರ ಇರ್ತದ ಸರ್," ಅಂದಳು. "ಆಕ್ಸಲ್ ಸರಿ ಇಲ್ಲ. ಹಿಂದಿನ ಚಕ್ರ ಉಜ್ತದ."

ಸರ್, ರೇಸು ನೋಡಲು ಬಂದು ಪಕ್ಕದಲ್ಲೇ ನಿಂತಿದ್ದ ಜಿಯಾವುಲ್ಲಾನ ಕಡೆ ತಿರುಗಿದರು. ಜಿಯಾವುಲ್ಲಾ ಆಕಾಶ ನೋಡಿದ. "ಲೂಧಿಯಾನದಿಂದ ಬರ್ಬೇಕು ಸಾರ್. ಸಂಕ್ರಾಂತಿ ಆಗಬಹುದು."

ಚಿನ್ನಪ್ಪ ಸರ್ ಏನೋ ಹೇಳಲು ಬಾಯಿ ತೆರೆದರು. ಹಣ್ಣನ್ನು ಎರಡೇ ತುತ್ತಿಗೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ ಹುಡುಗಿಯನ್ನು ನೋಡಿದರು. ಆಮೇಲೆ ಸೈಕಲ್ಲಿನ ಸೀಟು ಹಿಡಿದು ಹಿಂದಿನ ಗಾಲಿಯನ್ನು ಮೇಲೆತ್ತಿ, ಒಂದು ಬೆರಳಿನಿಂದ ತಿರುಗಿಸಿಬಿಟ್ಟರು. ಗಾಲಿ ಸದ್ದಿಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು. ಅದು ನಿಲ್ಲುವವರೆಗೂ ಅವರು ಕೈ ಇಳಿಸದೆ ಕಾದರು.

"ಹೌದು," ಅಂದರು. "ಉಜ್ತಾ ಇದೆ."