ಕೊನೆಯ ಬೆಂಚಿನ ಹೊಟ್ಟೆನೋವು

ನಮ್ಮ ಮನೆಯವರು ಕನ್ನಡಕದ ಅಂಗಡಿ ಇಟ್ಟು ಮೂವತ್ತೆರಡು ವರ್ಷವಾಯಿತು. ಅಂಗಡಿ ದೊಡ್ಡದೇನಲ್ಲ. ಮುಂದೆ ಫ್ರೇಮುಗಳ ಕಪಾಟು, ಅದರ ಹಿಂದೆ ಇವರ ಕುರ್ಚಿ, ಎದುರು ಗೋಡೆಯಲ್ಲಿ ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಹಲಗೆ, ಪರದೆಯ ಆಚೆ ಗಾಜು ಉಜ್ಜುವ ಯಂತ್ರ. ಯಂತ್ರ ಶುರುವಾದರೆ ಪಕ್ಕದ ಟೈಲರ್ ತನ್ನ ರೇಡಿಯೋ ಜೋರು ಮಾಡುತ್ತಾನೆ. ಇವರು ಯಂತ್ರ ನಿಲ್ಲಿಸಿದ ಮೇಲೂ ಅವನು ರೇಡಿಯೋ ತಗ್ಗಿಸುವುದಿಲ್ಲ.

ಬೀದಿಯವರೆಲ್ಲ ಇವರನ್ನು ಕರೆಯುವುದು ಒರೆಸಣ್ಣ ಎಂದು. ಯಾರೇ ಎದುರು ನಿಂತರೂ ಮಾತಿಗೆ ಮೊದಲು ಅವರ ಮೂಗಿನ ಮೇಲಿನ ಕನ್ನಡಕ ತೆಗೆದು, ಒರೆಸಿ, ಮತ್ತೆ ಕೂರಿಸುವುದು ಇವರ ಚಾಳಿ. ಒಂದು ಮದುವೆಯಲ್ಲಿ ವರನ ಕನ್ನಡಕವನ್ನೇ ತೆಗೆದುಕೊಂಡು ಒರೆಸುತ್ತ ನಿಂತುಬಿಟ್ಟಿದ್ದರು. ಪಾಪ, ಅದೇ ಹೊತ್ತಿಗೆ ಮದುವಣಗಿತ್ತಿ ಚರ್ಚಿನ ಬಾಗಿಲಲ್ಲಿ ಕಾಣಿಸಿಕೊಂಡಳು. ಅವನಿಗೆ ಬಿಳಿ ಬಟ್ಟೆ ಬಿಟ್ಟರೆ ಬೇರೇನೂ ಕಾಣಲಿಲ್ಲವಂತೆ.

ಈಗ ಇವರನ್ನು ನೋಡಿದರೆ ಇಷ್ಟು ನೆಮ್ಮದಿಯ ಮನುಷ್ಯ ಇನ್ನೊಬ್ಬರಿಲ್ಲ ಅನ್ನಿಸುತ್ತದೆ. ಎರಡು ವರ್ಷದ ಹಿಂದಿನವರೆಗೂ ಹೀಗಿರಲಿಲ್ಲ. ಆ ಕಥೆಯನ್ನೇ ಹೇಳಹೊರಟಿದ್ದೇನೆ. ಅದರ ಬಗ್ಗೆ ನನ್ನ ಕೋಪ ಒಂದಿಷ್ಟು ಇನ್ನೂ ಉಳಿದಿದೆ. ನಡುನಡುವೆ ತಲೆ ಹಾಕಿದರೆ ಸುಧಾರಿಸಿಕೊಳ್ಳಿ.

ನಮ್ಮ ಚರ್ಚಿನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಪ್ರಭುವಿನ ಭೋಜನ. ಯೇಸುವಿನ ಕೊನೆಯ ಊಟದ ನೆನಪಿಗೆ ಎಲ್ಲರೂ ಮುಂದೆ ಹೋಗಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳುತ್ತಾರೆ. ಮುಂದಿನ ಮೇಜಿನ ಮೇಲೆ ರೊಟ್ಟಿಯ ತಟ್ಟೆ, ದ್ರಾಕ್ಷಾರಸದ ಬಟ್ಟಲು, ಎರಡಕ್ಕೂ ಬಿಳಿ ವಸ್ತ್ರ ಮುಚ್ಚಿರುತ್ತಾರೆ. ಅಯ್ಯನವರು, ಎಂದರೆ ನಮ್ಮ ಪಾದ್ರಿಗಳು, ಆ ವಸ್ತ್ರದ ಮೇಲೆ ಕೈ ಇಟ್ಟರೋ ಇಲ್ಲವೋ ನಮ್ಮ ಮನೆಯವರ ಹೊಟ್ಟೆ ಶುರುವಾಗುತ್ತಿತ್ತು. "ಯಾಕೋ ಸರಿ ಇಲ್ಲ ಕಣೇ" ಎಂದು ನನ್ನ ಕಿವಿಯಲ್ಲಿ ಉಸುರಿ, ಕೊನೆಯ ಬೆಂಚಿನಿಂದ ಬೆಕ್ಕಿನ ಹಾಗೆ ಹೊರಗೆ ಜಾರುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು. ಮನೆಗೆ ಬಂದು ನಾನು ಬಿಸಿನೀರು ಕಾಯಿಸಿ ಕೊಡುವುದು, ಇವರು ಮುಖ ಗಂಟಿಕ್ಕಿ ಕುಡಿಯುವುದು. ಇಬ್ಬರು ಡಾಕ್ಟರಿಗೆ ತೋರಿಸಿದೆ. ಎರಡನೆಯವರು ಗಂಟಲಲ್ಲಿ ಕೊಳವೆ ಇಳಿಸಿ ನೋಡಿ, ಒಳಗೆ ಏನೂ ಇಲ್ಲ ಎಂದರು. ಏನಾದರೂ ಸಿಕ್ಕಿದ್ದರೆ ಇವರಿಗೆ ಖುಷಿಯಾಗುತ್ತಿತ್ತೇನೋ, ಮುಖ ಇನ್ನಷ್ಟು ಬಾಡಿತು.

ಬೇರೆ ವಿಷಯದಲ್ಲಿ ಇವರಷ್ಟು ಭಕ್ತಿವಂತರು ಇನ್ನೊಬ್ಬರಿರಲಿಲ್ಲ. ಶನಿವಾರ ಅಂಗಡಿ ಮುಚ್ಚಿ ವೃದ್ಧಾಶ್ರಮಕ್ಕೆ ಹೋಗಿ ಅಲ್ಲಿನ ಅಜ್ಜ ಅಜ್ಜಿಯರಿಗೆಲ್ಲ ಕಣ್ಣು ಪರೀಕ್ಷೆ ಮಾಡುವುದು, ಚರ್ಚಿನ ಕಿಟಕಿ ಗಾಜುಗಳನ್ನೆಲ್ಲ ತಾವೇ ಏಣಿ ಹತ್ತಿ ತೊಳೆಯುವುದು. ಯಾರಾದರೂ ಹೊಗಳಿದರೆ ಮಾತ್ರ ಹಾಗಲಕಾಯಿ ತಿಂದವರಂತೆ ಮುಖ ಮಾಡುತ್ತಿದ್ದರು. ನಾನು ಅದನ್ನು ವಿನಯ ಎಂದುಕೊಂಡಿದ್ದೆ.

ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವರು ಎಪ್ಪತ್ತರ ಗಡಿ ದಾಟಿದ ಒಬ್ಬ ಟೀಚರು. ಎಲ್ಲರಿಗೂ ಅವರು ಆರ್ಗನ್ ಅಕ್ಕ. ಮದುವೆಯಾದವರಲ್ಲ. ಅವರಂತೆಯೇ ಒಂಟಿಯಾಗಿರುವ ತಂಗಿ ಪುಟ್ಟಕ್ಕನ ಜೊತೆ ಚರ್ಚಿನ ಹಿಂದಿನ ಬೀದಿಯಲ್ಲಿ ಇದ್ದಾರೆ. ಹದಿನೈದು ವರ್ಷದ ಹಿಂದೆ ಅಕ್ಕ ತಮ್ಮ ಮನೆಯ ಮೆಟ್ಟಿಲ ಮೇಲಿಂದ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿತು. ಕೊನೆಯ ಎರಡು ಬೆರಳು ಮಾತ್ರ ಅಂದಿನಿಂದ ಬಗ್ಗಲೇ ಇಲ್ಲ. ಆಗಿನಿಂದ ಎಂಟು ಬೆರಳಲ್ಲೇ ನುಡಿಸುತ್ತಾರೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಬುತ್ತಿ ತಗೊಂಡು ಅಂಗಡಿಗೆ ಹೋಗಿದ್ದೆ. ಪುಟ್ಟಕ್ಕ ಓದುವ ಕನ್ನಡಕ ಮಾಡಿಸಲು ಬಂದು ಕೂತಿದ್ದರು. ಇವರು ಅವರ ಮೂಗಿನ ಮೇಲೆ ಗಾಜು ಬದಲಿಸುತ್ತ, ದೂರದ್ದೆಲ್ಲ ಕಾಣುತ್ತಾ, ಮೆಟ್ಟಿಲು ಇಳಿಯುವಾಗ ತೊಂದರೆ ಇಲ್ಲ ತಾನೇ ಎಂದು ಎಲ್ಲರನ್ನೂ ಕೇಳುವ ಹಾಗೆ ಕೇಳಿದರು.

"ಮೆಟ್ಟಿಲ ವಿಷಯ ನನ್ನ ಕೇಳ್ಬೇಡಿ ಒರೆಸಣ್ಣ" ಎಂದರು ಪುಟ್ಟಕ್ಕ. "ಈಗ್ಲೂ ದಿನಾ ಮೂರು ಸಲ ಒಣಬಟ್ಟೆ ಹಾಕಿ ಉಜ್ತೀನಿ. ಆವತ್ತು ತೊಳೆದು ಹಾಗೇ ಬಿಟ್ಟು ಒಳಗೆ ಹೋಗಿದ್ದೆ. ಅಕ್ಕ ಒಂದು ದಿನವೂ ಬೈಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಅವಳು ಆರ್ಗನ್ ಮುಂದೆ ಕೂತ್ರೆ ನಾನು ಕಣ್ಣು ಮುಚ್ಕೊಂಡು ಬಿಡ್ತೀನಿ. ಜನ ನಾನು ಪ್ರಾರ್ಥನೆ ಮಾಡ್ತಿದೀನಿ ಅಂದ್ಕೋತಾರೆ."

ಇವರು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟರು. ನಾಳಿದ್ದು ಬನ್ನಿ ಎಂದು ಪುಟ್ಟಕ್ಕನನ್ನು ಕಳಿಸಿ, ಅಂಗಡಿಯ ಷಟರನ್ನು ಅರ್ಧ ಎಳೆದರು. ಬುತ್ತಿ ಬಿಚ್ಚಿದರೆ ಬೇಡ ಎಂದರು. ಆಮೇಲೆ ಹೇಳಿದರು.

ಆವತ್ತು ಆರ್ಗನ್ ಅಕ್ಕ ಬಿದ್ದಾಗ ಅವರ ಮುಖದ ಮೇಲಿದ್ದದ್ದು ಇವರು ಮೂರು ದಿನದ ಹಿಂದಷ್ಟೇ ಕೊಟ್ಟಿದ್ದ ಹೊಸ ಕನ್ನಡಕ. ಅಕ್ಕನ ಒಂದು ಕಣ್ಣಿಗೂ ಇನ್ನೊಂದಕ್ಕೂ ನಂಬರಿನಲ್ಲಿ ಬಹಳ ಅಂತರ. ನಂಬರು ಬರೆದುಕೊಳ್ಳುವಾಗ ಎದುರು ಕೂತವರ ಬಲಗಣ್ಣು ನಮಗೆ ಎಡಕ್ಕಿರುತ್ತದೆ. ಈ ಕೆಲಸ ಕಲಿಯುವವರಿಗೆ ಮೊದಲ ದಿನ ಹೇಳಿಕೊಡುವ ಪಾಠವೇ ಅದು. ಆದರೂ ಆ ಒಂದು ದಿನ ಇವರು ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಬರೆದುಕೊಂಡರು, ಹಾಗೇ ಗಾಜು ಕೂರಿಸಿದರು. ಅಕ್ಕ ಫೋನ್ ಮಾಡಿ, ನೆಲ ಮೇಲೆದ್ದು ಬರ್ತಿದೆಯಪ್ಪ, ಮೆಟ್ಟಿಲು ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ ಎಂದರೆ, ಇವರು ಎಲ್ಲ ಗಿರಾಕಿಗಳಿಗೂ ಹೇಳುವ ಮಾತನ್ನೇ ಹೇಳಿದರು. ಹೊಸದಲ್ವಾ ಅಕ್ಕ, ನಾಲ್ಕು ದಿನ ಬಿಡದೆ ಹಾಕ್ಕೊಳ್ಳಿ, ಹೊಂದಿಕೊಳ್ಳುತ್ತೆ. ಅಕ್ಕ ಟೀಚರು, ಹೇಳಿದ್ದನ್ನು ಹೇಳಿದಂತೆ ಮಾಡುವವರು. ಬಿಡದೆ ಹಾಕಿಕೊಂಡರು.

ಬಿದ್ದ ಮೇಲೆ ಸೊಟ್ಟಗಾದ ಫ್ರೇಮ್ ಅಂಗಡಿಗೆ ಬಂತು. ಇವರು ಗಾಜನ್ನು ಅಳೆಯುವ ಯಂತ್ರಕ್ಕಿಟ್ಟು ನೋಡಿದಾಗ ಅದಲುಬದಲಾದದ್ದು ಗೊತ್ತಾಯಿತು. ಪಿಟ್ಟೆನ್ನದೆ ಹೊಸ ಗಾಜು ಮಾಡಿ ಸರಿಯಾಗಿ ಕೂರಿಸಿ ಕಳಿಸಿದರು. ನಾಳೆ ಹೇಳೋಣ ಎಂದುಕೊಂಡರಂತೆ. ಆ ನಾಳೆ ಬರಲೇ ಇಲ್ಲ. ಮೊದಲೆರಡು ವರ್ಷ ಹೇಗೋ ಮೇಜಿಗೆ ಹೋಗಿ ರೊಟ್ಟಿ ತಗೊಂಡರು. ಆಮೇಲೆ ತಪ್ಪು ಮುಚ್ಚಿಟ್ಟುಕೊಂಡು ಆ ರೊಟ್ಟಿ ಮುಟ್ಟುವ ಧೈರ್ಯ ಬರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. "ಹನ್ನೊಂದು ವರ್ಷ ಬಿಸಿನೀರು ಕಾಯಿಸಿದೀನಲ್ಲ ರೀ" ಎಂದೆ. ಮೊದಲು ಬಾಯಿಗೆ ಬಂದದ್ದು ಅದೇ, ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಅಕ್ಕನ ಬೆರಳು ನೆನಪಾದದ್ದು ಆಮೇಲೆ.

"ಅಯ್ಯನವರ ಹತ್ರ ಹೋಗಿ ಹೇಳ್ಲಾ?" ಎಂದರು.

"ಬಿದ್ದಿದ್ದು ಅಯ್ಯನವರಲ್ಲ."

"ದೇವರ ಹತ್ರ ಸಾವಿರ ಸಲ ಹೇಳ್ಕೊಂಡಿದೀನಿ ಕಣೇ. ಆದ್ರೂ ಎದೆ ಮೇಲಿಂದ ಇಳೀತಿಲ್ಲ."

"ದೇವರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ದೆ ಇರೋದು ಪುಟ್ಟಕ್ಕಂಗೆ" ಎಂದೆ. ಇವರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ನಾವು ಹೋದಾಗ ಆರ್ಗನ್ ಅಕ್ಕ ಮೇಜಿನ ತುಂಬ ಹಳೆಯ ಹಾಡಿನ ಪುಸ್ತಕಗಳನ್ನು ಹರಡಿಕೊಂಡು, ಕಿತ್ತ ಬೆನ್ನುಗಳಿಗೆ ಅಂಟು ಹಚ್ಚುತ್ತಿದ್ದರು. ಪುಟ್ಟಕ್ಕ ಟೀ ಮಾಡಲು ಒಳಗೆ ಹೋದರೆ ಇವರು ತಡೆದು, ನೀವೂ ಇರಬೇಕು ಎಂದರು. ಕೂರು ಎಂದರೂ ಕೂರಲಿಲ್ಲ. ನಿಂತುಕೊಂಡೇ, ನೆಲ ನೋಡುತ್ತ, ನನಗೆ ಹೇಳಿದ್ದನ್ನೆಲ್ಲ ಹೇಳಿದರು. ಎಲ್ಲೂ ತಮ್ಮ ಪರವಾಗಿ ಒಂದು ಮಾತು ಸೇರಿಸಲಿಲ್ಲ. ಮದುವೆಯಾದ ಮೇಲೆ ಇವರ ಬಗ್ಗೆ ನನಗೆ ಹೆಮ್ಮೆಯಾದ ದಿನಗಳಲ್ಲಿ ಅದೂ ಒಂದು, ಕೋಪ ಬಂದ ದಿನಗಳಲ್ಲಿ ಮೊದಲನೆಯದು.

ಅಕ್ಕ ಅಂಟಿನ ಕಡ್ಡಿ ಕೆಳಗಿಟ್ಟರು. "ನಾಲ್ಕು ದಿನ ಹಾಕ್ಕೊಳ್ಳಿ ಅಂದಿದ್ದೆ ನೀನು."

"ಅಂದಿದ್ದೆ ಅಕ್ಕ."

"ಮೂರನೇ ದಿನಕ್ಕೇ ಬಿದ್ದೆ."

ಪುಟ್ಟಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. "ಹಾಗಾದ್ರೆ ಮೆಟ್ಟಿಲಿಂದ ಅಲ್ವಾ?" ಎಂದರು, ಸಣ್ಣ ದನಿಯಲ್ಲಿ.

"ಅಲ್ಲ ಪುಟ್ಟಕ್ಕ. ಮೆಟ್ಟಿಲು ಒಣಗಿದ್ರೂ ಬೀಳ್ತಿದ್ರು. ನಿಮ್ಮದೇನೂ ತಪ್ಪಿಲ್ಲ."

ಪುಟ್ಟಕ್ಕ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಅತ್ತರೋ ನಕ್ಕರೋ ತಿಳಿಯಲಿಲ್ಲ, ಎರಡೂ ಇತ್ತು. ಅಕ್ಕ ತಂಗಿಯ ಕಡೆ ತಿರುಗಿದರು. ಒಂದೇ ಸೂರಿನಡಿ ಇದ್ದೂ ತಂಗಿ ಇದನ್ನು ಹೊತ್ತು ತಿರುಗುತ್ತಿದ್ದಾಳೆ ಎಂದು ಅವರಿಗೂ ಗೊತ್ತಿರಲಿಲ್ಲ. ಸಿಟ್ಟು ಬಂದದ್ದು ಆಗ.

"ನನ್ನ ಕೈ ವಿಷಯಕ್ಕೆ ನಾನೇನೂ ಅನ್ನಲ್ಲ. ತಪ್ಪು ಯಾರಿಂದಾನೂ ಆಗುತ್ತೆ. ಇವಳ ಮುಖ ನೋಡು. ಹದಿಮೂರು ವರ್ಷ."

"ನಾನೇನು ಮಾಡ್ಲಿ ಹೇಳಿ ಅಕ್ಕ. ನೀವು ಹೇಳಿದ್ದು ಮಾಡ್ತೀನಿ."

"ಈ ಎರಡು ಬೆರಳು ಬಗ್ಗಿಸೋಕೆ ಬರುತ್ತಾ ನಿಂಗೆ? ಇವಳ ಹದಿಮೂರು ವರ್ಷ ವಾಪಸ್ ತರೋಕೆ ಬರುತ್ತಾ? ಬರಲ್ಲ. ನೀನು ಮಾಡೋ ಅಂಥದ್ದು ಏನೂ ಇಲ್ಲ. ಮನೆಗೆ ಹೋಗು. ನಾನು ಸ್ವಲ್ಪ ದಿನ ಕೋಪ ಮಾಡ್ಕೋಬೇಕು."

ಬಂದೆವು. ಎರಡು ದಿನ ಬಿಟ್ಟು ಪುಟ್ಟಕ್ಕ ಕನ್ನಡಕಕ್ಕೆ ಬಂದರು. ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. ಮೆಟ್ಟಿಲು ಒರೆಸುವುದನ್ನೇ ಬಿಟ್ಟಿದ್ದಾರಂತೆ, ಧೂಳು ಕೂತಿದೆಯಂತೆ, ಅದನ್ನು ಹೆಮ್ಮೆಯಿಂದ ಹೇಳಿಕೊಂಡರು. ಅಕ್ಕ ಹೇಗಿದ್ದಾರೆ ಎಂದು ಕೇಳಿದರೆ, "ಪಾತ್ರೆ ಎಲ್ಲ ಸದ್ದು ಮಾಡ್ತಿವೆ" ಎಂದರು. ಇವರು ಮುಂಚಿಗಿಂತ ಹಗುರಾಗಿದ್ದರು, ಊಟ ಸೇರುತ್ತಿತ್ತು. ಆದರೆ ಒಂದು ಹಟ ಹಿಡಿದರು. ಅಕ್ಕ ತಾವಾಗಿ ಬಾಯಿ ಬಿಟ್ಟು ಕ್ಷಮಿಸಿದೆ ಅನ್ನುವವರೆಗೆ ಮೇಜಿನ ಹತ್ತಿರ ಹೋಗುವುದಿಲ್ಲ ಎಂದರು. ಹನ್ನೊಂದು ವರ್ಷದ ಮೇಲೆ ಇನ್ನೂ ಹನ್ನೊಂದು ವರ್ಷ ಕಾಯಬೇಕೇನೋ ಎಂದು ನಾನು ಹೆದರಿದೆ. ಆರ್ಗನ್ ಅಕ್ಕನ ಕೋಪ ಎಂಥದ್ದೆಂದು ಅವರ ಹತ್ತಿರ ಓದಿದವರನ್ನು ಕೇಳಬೇಕು.

ಮುಂದಿನ ತಿಂಗಳ ಮೊದಲ ಭಾನುವಾರ ಬಂತು. ಅಯ್ಯನವರು ವಸ್ತ್ರದ ಮೇಲೆ ಕೈ ಇಟ್ಟರು. ಇವರು ನನ್ನ ಕಡೆ ಬಗ್ಗಿ, "ಹೊಟ್ಟೆ ಏನೂ ಆಗ್ಲಿಲ್ಲ ಕಣೇ" ಎಂದರು, ಆಶ್ಚರ್ಯದಿಂದ. ಆದರೂ ಎದ್ದರು. ಭೋಜನಕ್ಕೆ ಮುಂಚೆ ಪಕ್ಕದವರಿಗೆ, ಹಿಂದಿನವರಿಗೆ ಕೈ ಕೊಟ್ಟು, ನಿಮಗೆ ಸಮಾಧಾನವಾಗಲಿ ಅನ್ನುವುದು ನಮ್ಮಲ್ಲಿ ರೂಢಿ. ಆ ಗಲಾಟೆಯಲ್ಲೇ ಬಾಗಿಲು ಸೇರಿಕೊಳ್ಳುವುದು ಇವರ ಲೆಕ್ಕಾಚಾರ.

ಆರ್ಗನ್ ನಿಂತಿತು. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಅದು ಮೆಲ್ಲಗೆ ನುಡಿಯುತ್ತಿರುತ್ತದೆ. ಎಲ್ಲರೂ ತಿರುಗಿ ನೋಡಿದರು. ಅಕ್ಕ ಸ್ಟೂಲಿನಿಂದ ಇಳಿದು ನಡುದಾರಿಯಲ್ಲಿ ಬರುತ್ತಿದ್ದರು. ಎರಡೂ ಕಡೆಯಿಂದ ಚಾಚಿದ ಕೈಗಳನ್ನು ನೋಡದೆ, ನೇರ ಕೊನೆಯ ಬೆಂಚಿಗೆ ಬಂದು ಎಡಗೈ ಮುಂದೆ ಹಿಡಿದರು. ಆ ಎರಡು ಬೆರಳು ಸೆಟೆದು ನಿಂತಿದ್ದವು.

"ಸಮಾಧಾನವಾಗಲಿ" ಎಂದರು.

ಇವರಿಗೆ ಕೈ ಎತ್ತಲಾಗಲಿಲ್ಲ. "ನಂಗೆ ಆ ಯೋಗ್ಯತೆ ಇಲ್ಲ ಅಕ್ಕ."

"ಇಲ್ಲ" ಎಂದರು ಅಕ್ಕ. "ನಂಗೂ ಇಲ್ಲ. ಮೂರು ವಾರದಿಂದ ನಿನ್ನ ಮನಸ್ಸಲ್ಲೇ ಎಷ್ಟು ಬೈದಿದೀನಿ ಅಂತ ನಂಗೇ ಗೊತ್ತು, ಇನ್ನೂ ಪೂರ್ತಿ ಮುಗಿದಿಲ್ಲ. ಆದ್ರೆ ಅಲ್ಲಿ ಊಟಕ್ಕೆ ಕರೆದಿರೋನು ನಾನಲ್ಲ. ಕರೆದವನು ನಿನ್ನ ಯೋಗ್ಯತೆ ಕೇಳಿಲ್ಲ, ನನ್ನ ಕೋಪ ಆರಿದೆಯಾ ಅಂತಾನೂ ಕೇಳಿಲ್ಲ. ನಡಿ."

ಇವರು ಎರಡೂ ಕೈಯಿಂದ ಆ ಕೈಯನ್ನು ಹಿಡಿದುಕೊಂಡರು. ಅಕ್ಕ ಬಿಡಿಸಿಕೊಳ್ಳದೆ ಹಾಗೇ ಕರೆದುಕೊಂಡು ಹೋದರು. ಪುಟ್ಟಕ್ಕ ಬೆಂಚಿನಿಂದ ಎದ್ದು ಜೊತೆಗೆ ಸೇರಿದರು. ನಾನು ಹಿಂದಿನಿಂದ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ.

ಮುಂದೆ ಮರದ ಕಟಕಟೆಯ ಹತ್ತಿರ ಎಲ್ಲರೂ ಸಾಲಾಗಿ ಮಂಡಿಯೂರಿದೆವು. ಅಯ್ಯನವರು ಒಬ್ಬೊಬ್ಬರ ಮುಂದೆ ನಿಲ್ಲುತ್ತ ಬಂದು, ಇವರನ್ನು ಕಂಡು ಒಂದು ಗಳಿಗೆ ತಡೆದರು. ಆಮೇಲೆ ಚಾಚಿದ ಅಂಗೈ ಮೇಲೆ ರೊಟ್ಟಿಯ ಚೂರು ಇಟ್ಟರು. ಉಗುರಿನಷ್ಟು ಚೂರು. ಇವರು ಅದನ್ನೇ ದಿಟ್ಟಿಸಿ ನೋಡಿದರು. ತಪ್ಪು ತೀರಿಸಲೆಂದು ಏಣಿ ಹತ್ತಿದ್ದು, ಕಿಟಕಿ ತೊಳೆದದ್ದು, ಶನಿವಾರಗಳನ್ನೆಲ್ಲ ಕಳೆದದ್ದು, ಎಲ್ಲ ಆ ಮುಖದ ಮೇಲೆ ಬಂದು ಹೋದ ಹಾಗಿತ್ತು.

"ಇಷ್ಟೇನಾ ಅಯ್ಯನವರೇ?" ಎಂದು ಕೇಳಿದರು, ಪಕ್ಕದಲ್ಲಿದ್ದ ನಮಗಷ್ಟೇ ಕೇಳುವಂತೆ.

"ಇಷ್ಟೇ" ಎಂದರು ಅಯ್ಯನವರು. "ತಗೊಳ್ಳಿ."

ಇವರು ತಗೊಂಡರು.