ಬಲಕ್ಕೆ ಸಾಗುವ ಹೊಲಿಗೆ

ಕಳೆದ ವರ್ಷ ನವೆಂಬರ್ ತಿಂಗಳ ಮೊದಲ ಶನಿವಾರ, ಟೊರಾಂಟೊದ ಜೆರಾರ್ಡ್ ಇಂಡಿಯಾ ಬಜಾರಿನ ಒಂದು ಸೀರೆ ಅಂಗಡಿಯ ಹಿಂಭಾಗದಲ್ಲಿ ಕೌದಿ ಹೊಲಿಯುವ ತರಗತಿ ನಡೆಯಿತು. ಕಲಿಸಿದವರು ನನ್ನ ವ್ಯಾಪಾರದ ಪಾಲುದಾರೆ. ತರಗತಿ ನಮ್ಮಿಬ್ಬರ ಉದ್ಯಮದ ಹೆಸರಿನಲ್ಲೇ ಇತ್ತು. ಅದು ನಡೆಯುತ್ತದೆ ಎಂದು ನನಗೆ ಯಾರೂ ತಿಳಿಸಿರಲಿಲ್ಲ.

ನಾನು ಹಳಿಯಾಳದ ಕಡೆಯ ಸಿದ್ದಿ. ನಮ್ಮ ಹಿರಿಯರು ಆಫ್ರಿಕಾದಿಂದ ಬಂದವರು. ಬಂದು ಎಷ್ಟೋ ತಲೆಮಾರುಗಳಾಗಿವೆ. ಧಾರವಾಡದಲ್ಲಿ ಎಂ.ಎ. ಮಾಡಿದೆ, ಹುಬ್ಬಳ್ಳಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದೆ, ಆಮೇಲೆ ಪಿಎಚ್‌.ಡಿ.ಗೆಂದು ಟೊರಾಂಟೊಗೆ ಬಂದೆ. ಕಂಡದ್ದನ್ನು ಮೊದಲು ಬರೆಯಬೇಕು, ಅನಿಸಿದ್ದನ್ನು ಜಾಗ ಉಳಿದರೆ ಬರೆಯಬೇಕು ಎಂಬುದು ಡೆಸ್ಕಿನಲ್ಲಿ ಕಲಿತ ಪಾಠ. ಈಗ ಟೊರಾಂಟೊ ಹತ್ತಿರದ ಮಿಲ್ಟನ್‌ನಲ್ಲಿ ಬಾಡಿಗೆಯ ಬೇಸ್‌ಮೆಂಟಿನಲ್ಲಿದ್ದೇನೆ. ಇಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಕಳೆದ ವರ್ಷದವರೆಗೆ ಸಮಾಜಶಾಸ್ತ್ರ ಕಲಿಸುತ್ತಿದ್ದೆ. ಅದು ಗುತ್ತಿಗೆಯ ಕೆಲಸ. ಟರ್ಮ್ ಮುಗಿದರೆ ಕೆಲಸವೂ ಮುಗಿಯಿತು; ಮುಂದಿನ ಟರ್ಮಿಗೆ ಮತ್ತೆ ಅರ್ಜಿ ಹಾಕಬೇಕು, ಅದೇ ಪಾಠಕ್ಕೆ, ಅದೇ ಕೋಣೆಗೆ.

ನಮ್ಮ ವಿಭಾಗದಲ್ಲಿ ಕಾಯಂ ಹುದ್ದೆಯಲ್ಲಿರುವ ಕಪ್ಪು ಮಹಿಳೆ ಒಬ್ಬರೇ. ಅವರ ತಂದೆ ತಾಯಿ ಜಮೈಕಾದಿಂದ ಬಂದವರು. ತಿಂಗಳಿಗೊಮ್ಮೆ ಭಾನುವಾರ ಅವರ ಅಡುಗೆಮನೆಯಲ್ಲಿ ಕಪ್ಪು ಅಧ್ಯಾಪಕಿಯರು ಸೇರುತ್ತಾರೆ. ಬಹುತೇಕರು ನನ್ನಂತೆ ಗುತ್ತಿಗೆಯವರು. ಒಬ್ಬಳು ವಾರಾಂತ್ಯದಲ್ಲಿ ಜಡೆ ಹೆಣೆಯುತ್ತಾಳೆ, ಒಬ್ಬಳು ಬೇರೆಯವರ ಪ್ರಬಂಧ ತಿದ್ದುತ್ತಾಳೆ. ಪ್ರೊಫೆಸರ್ ಸ್ವತಃ ಮೆಣಸಿನಕಾಯಿಯ ಸಾಸ್ ಮಾಡಿ ಮಾರುತ್ತಾರೆ. ಬಾಟಲಿ ತೆರೆದರೆ ಇಡೀ ಮನೆ ಕೆಮ್ಮುತ್ತದೆ. ನಾನು ಮೊದಲ ಸಲ ಹೋದಾಗ, ನೀನು ಯಾವ ದ್ವೀಪದವಳು ಎಂದು ಕೇಳಿದರು. ಹಳಿಯಾಳ ಎಂದೆ. ಅದು ಯಾವ ಸಮುದ್ರದಲ್ಲಿದೆ ಎಂದರು. ಎಲ್ಲರೂ ನಕ್ಕ ಮೇಲೆ ಕುರ್ಚಿ ಎಳೆದು ಕೂರಿಸಿದರು.

ಆ ದಿನ ಅವರು ಹೇಳಿದ್ದು ಹೀಗೆ: “ಯೂನಿವರ್ಸಿಟಿ ನಿನ್ನನ್ನು ಪೋಸ್ಟರಿನ ಫೋಟೋಗೆ ಕರೆಯುತ್ತದೆ, ಕಾಯಂ ಹುದ್ದೆಗೆ ಕರೆಯುವುದಿಲ್ಲ. ಅವರು ಕೈಬಿಟ್ಟ ದಿನವೂ ನಡೆಯುವಂಥದ್ದು ಏನಾದರೂ ನಿನ್ನ ಕೈಯಲ್ಲಿರಬೇಕು. ನಿನಗೆ ಏನು ಬರುತ್ತದೆ?”

ನನಗೆ ಕೌದಿ ಹೊಲಿಯಲು ಬರುತ್ತಿತ್ತು.

ನಮ್ಮವರ ಕೌದಿ ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತದೆ. ಹಳೆಯ ಸೀರೆ, ಅಂಗಿ, ಲಂಗಗಳ ತುಂಡನ್ನು ಅಂಚಿಗಿಟ್ಟು ಹೊಲಿಯಬೇಕು. ಮುಂದಿನ ತುಂಡು ಹಿಂದಿನದರ ಬದಿಯ ಮೇಲೆ ಏರಿ ಕೂರುತ್ತದೆ. ಹೀಗೆ ಸುತ್ತು ಸುತ್ತಾಗಿ ಒಳಗೆ ಬರಬೇಕು. ಕೊನೆಯ ತುಂಡು ಮುಚ್ಚುವ ಮೊದಲು ಅದರೊಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಾರೆ, ಕೌದಿಯ ಹೊಟ್ಟೆ ತುಂಬಿರಲಿ ಎಂದು. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂ ಕೂರಿಸುತ್ತಾರೆ. ಹೂವಿಲ್ಲದ ಕೌದಿ ನಮ್ಮವರ ಕಣ್ಣಿಗೆ ಬೆತ್ತಲೆ. ನನ್ನ ಅವ್ವ ಬಲಗೈಯಲ್ಲಿ ಹೊಲಿಯುತ್ತ ಎಡಕ್ಕೆ ಸಾಗುತ್ತಿದ್ದಳು. ನಾನು ಎಡಗೈಯವಳು, ನನ್ನ ಹೊಲಿಗೆ ಬಲಕ್ಕೆ ಸಾಗುತ್ತದೆ. ಅವ್ವನ ಎದುರು ಕೂತು, ಕನ್ನಡಿಯಲ್ಲಿ ನೋಡಿದಂತೆ ಕಲಿತದ್ದು. ಹಾಗಾಗಿ ನನ್ನ ಕೌದಿಯಲ್ಲಿ ತುಂಡುಗಳು ಏರುವ ದಿಕ್ಕು ಊರಿನವರದ್ದಕ್ಕೆ ತಿರುಗುಮುರುಗು.

ಪಾಲುದಾರೆ ಸಿಕ್ಕಿದ್ದು ಇಲ್ಲಿಯ ಕನ್ನಡಿಗರ ಯುಗಾದಿ ಊಟದಲ್ಲಿ. ಸಭಾಂಗಣದ ಬಾಗಿಲಲ್ಲಿ ನಿಂತಿದ್ದ ಒಬ್ಬರು ನನ್ನನ್ನು ನೋಡಿ, ಕೇಟರಿಂಗ್‌ನವರು ಹಿಂದಿನ ಬಾಗಿಲಿನಿಂದ ಬರಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದರು. “ನಾ ಊಟಕ್ಕ ಬಂದೀನ್ರಿ,” ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ಹಿಂದಿದ್ದ ಹೆಂಗಸು ಮುಂದೆ ಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು.

“ಏನ್ ನೋಡ್ತೀರಿ? ಮಾತು ಕೇಳಿದ್ರ ತಿಳಿಯೂದಿಲ್ಲೇನು? ಆಕಿ ನಮ್ಮ ಕಡಿಯಾಕಿ. ನಿಮ್ಮ ಬೆಂಗಳೂರು ಕನ್ನಡಕ್ಕಿಂತ ಆಕೀ ಕನ್ನಡ ಛಲೋ ಅದ. ಬಾರವಾ, ಹೋಳಿಗಿ ಖಾಲಿ ಆಗ್ತಾವ.”

ಅವರು ಧಾರವಾಡದವರು. ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್, ನನಗಿಂತ ಹಿರಿಯರು. ಆ ದಿನದಿಂದ ಅವರನ್ನು ಅಕ್ಕಾ ಎಂದು ಕರೆದೆ.

ಮೊದಲ ತರಗತಿಗಳು ನನ್ನ ಬೇಸ್‌ಮೆಂಟಿನಲ್ಲೇ ನಡೆದವು. ಅಕ್ಕ ವೆಬ್‌ಸೈಟು ಮಾಡಿದರು, ಜನರನ್ನು ತಂದರು, ನಾನು ಕಲಿಸಿದೆ. ಅಕ್ಕನೂ ಕೂತು ಕಲಿತರು. ಅವರು ಬಲಗೈಯವರು. ನನಗೆ ಒಂದೇ ದಿಕ್ಕು ಗೊತ್ತಿದ್ದುದರಿಂದ ಎಲ್ಲರೂ ಬಲಕ್ಕೇ ಸಾಗಬೇಕಾಗುತ್ತಿತ್ತು. ಬಲಗೈಯಲ್ಲಿ ಸೂಜಿ ಹಿಡಿದು ಬಲಕ್ಕೆ ಹೋದರೆ ಮಣಿಕಟ್ಟು ತಿರುಚುತ್ತದೆ. “ನಿನ್ನ ಕಡಿಂದ ಕಲಿತವ್ರು ಸೀದಾ ಫಿಸಿಯೋಥೆರಪಿಗೆ ಹೋಗಬೇಕು ನೋಡು,” ಎಂದು ಅಕ್ಕ ನಗುತ್ತಿದ್ದರು. ಎಡಕ್ಕೂ ಹೊಲಿಯಬಹುದು ಅಕ್ಕಾ ಎಂದರೆ, “ಬ್ಯಾಡ, ಈಗ ಕೈಗೆ ಇದ ರೂಢಿ ಆಗೇದ,” ಎಂದರು.

ನೋಂದಣಿ ಮಾಡುವಾಗ ಉದ್ಯಮವನ್ನು ಅಕ್ಕನ ಹೆಸರಿನಲ್ಲೇ ಮಾಡಿಸಿದೆವು. ಒಪ್ಪಂದ ಬರೆಸಿಕೋ ಎಂದು ಪ್ರೊಫೆಸರ್ ಮೊದಲೇ ಹೇಳಿದ್ದರು. ಒಬ್ಬ ವಕೀಲೆಯ ನಂಬರನ್ನೂ ಕೊಟ್ಟಿದ್ದರು. ಅಕ್ಕನಿಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು. “ನಮ್ಮ ನಮ್ಮೊಳಗ ಕಾಗದ ಎದಕ? ನಾ ಏನ್ ಹೊರಗಿನಾಕೇನು?” ನಾನು ಮತ್ತೆ ಆ ಮಾತು ಎತ್ತಲಿಲ್ಲ. ಊರ ಕಡೆಯವರ ಬಳಿ ಸಹಿ ಕೇಳುವುದು ಅವಮಾನ ಮಾಡಿದಂತೆ ಎಂದು ನಮ್ಮಿಬ್ಬರಿಗೂ ಅನಿಸಿತ್ತು. ವಕೀಲೆಗೆ ಫೋನ್ ಮಾಡಲಿಲ್ಲ.

ಬೇಸಿಗೆಯಲ್ಲಿ ವುಡ್‌ಬ್ರಿಡ್ಜ್‌ನ ಕೈಗಾರಿಕಾ ಪ್ರದೇಶದಲ್ಲಿ, ಟೈಲ್ಸ್ ಗೋದಾಮಿನ ಪಕ್ಕ, ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಜನವರಿಯಿಂದ ವಾರದ ದಿನಗಳಲ್ಲೂ ತರಗತಿ ನಡೆಸುವುದೆಂದು ಮಾತಾಯಿತು. ಅದೇ ಸಮಯಕ್ಕೆ ವಿಶ್ವವಿದ್ಯಾಲಯದಿಂದ ಜನವರಿ ಟರ್ಮಿಗೆ ಒಂದು ಕೋರ್ಸ್ ಬಂತು. ಎರಡನ್ನೂ ಮಾಡಲು ಆಗುತ್ತಿರಲಿಲ್ಲ. ಅಕ್ಕನನ್ನು ಕೇಳಿದೆ.

“ಬಿಟ್ಟ ಬಿಡು ಅದನ್ನ,” ಎಂದರು. “ಎಷ್ಟ ವರ್ಷ ಆ ಮಂದೀ ಮುಂದ ಕೈ ಚಾಚ್ತೀ? ಇದು ನಿಂದ ಅಲ್ಲೇನು?”

ಕೋರ್ಸ್ ಬೇಡವೆಂದು ಬರೆದೆ. ಗುತ್ತಿಗೆಯವರು ಒಮ್ಮೆ ಬೇಡ ಎಂದರೆ ಮತ್ತೆ ಕರೆ ಬರುವುದು ಕಷ್ಟ ಎಂಬುದು ನನಗೆ ಗೊತ್ತಿತ್ತು.

ಶರತ್ಕಾಲದಲ್ಲಿ ಅಕ್ಕ ವೆಬ್‌ಸೈಟನ್ನು ಹೊಸದಾಗಿ ಮಾಡಿಸಿದರು. ನಾನು ಕಲಿಸುತ್ತಿದ್ದ ಚಿತ್ರಗಳು ಇರಲಿಲ್ಲ. ಕೌದಿಯ ಮೇಲೆ ಎರಡು ಕೈ ಮಾತ್ರ ಇದ್ದ ಒಂದು ಚಿತ್ರವಿತ್ತು. ಕೈಗಳು ನನ್ನವು. ಮುಖ ಯಾಕಿಲ್ಲ ಎಂದು ಕೇಳಿದೆ. “ಡಿಸೈನರ್ ಹಂಗ ಮಾಡ್ಯಾನ, ಕ್ಲೀನ್ ಲುಕ್ ಅಂತ,” ಎಂದರು. ನಂಬಿದೆ.

ನವೆಂಬರಿನ ಆ ಶನಿವಾರ ನಾನು ಜೆರಾರ್ಡಿಗೆ ಹೋದದ್ದು ಬಟ್ಟೆಗೆ. ಆ ಅಂಗಡಿಯವರು ಕಲೆ ಬಿದ್ದ ಸೀರೆಗಳನ್ನು ನಮಗೆಂದು ತೆಗೆದಿಡುತ್ತಿದ್ದರು. ಅವರನ್ನು ಅಕ್ಕನಿಗೆ ಪರಿಚಯಿಸಿದ್ದೂ ನಾನೇ. ಒಳಕೋಣೆಯ ಬಾಗಿಲ ಬಳಿಯ ಕುರ್ಚಿಯಲ್ಲಿ ಅಕ್ಕನ ತಾಯಿ ಚಹಾ ಕುಡಿಯುತ್ತ ಕೂತಿದ್ದರು. ಧಾರವಾಡದಿಂದ ಬಂದು ಸ್ವಲ್ಪ ದಿನವಾಗಿತ್ತು. ಅಕ್ಕನ ಮನೆಯಲ್ಲಿ ಒಮ್ಮೆ ಭೇಟಿಯಾಗಿದ್ದೆವು.

“ಬಾರವಾ ಬಾ! ಟೀಚರ್ ಇನ್ನೂ ಬಂದಿಲ್ಲಲ್ಲಾ ಅಂತ ನಾ ಆಗಿಂದ ದಾರಿ ನೋಡಾಕತ್ತೀನಿ. ಒಳಗ ಶುರು ಮಾಡ್ಯಾರ ನೋಡು.”

ಒಳಗೆ ಉದ್ದನೆಯ ಮೇಜಿನ ಸುತ್ತ ಹೆಂಗಸರು ಕೂತಿದ್ದರು. ಅಕ್ಕ ನಮಗೆ ಬೆನ್ನು ಮಾಡಿ ನಿಂತು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು: ಇದು ನಮ್ಮ ಮನೆತನದ ಕಲೆ, ನನ್ನ ತಾಯಿಯಿಂದ ಕಲಿತೆ, ಅವರು ಇವತ್ತು ಇಲ್ಲೇ ಬಂದಿದ್ದಾರೆ. ಹೆಂಗಸರೆಲ್ಲ ಈ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ತಾಯಿ ಗಾಬರಿಯಾಗಿ ಚಹಾದ ಕಪ್ ಕೆಳಗಿಟ್ಟು ಕೈ ಮುಗಿದರು.

“ಏನಂತಾಳ? ಯಾಕ ಚಪ್ಪಾಳಿ ಹೊಡದ್ರು?”

“ಕೌದಿ ಹೊಲಿಯೂದು ನಿಮ್ಮ ಕಡಿಂದ ಕಲಿತೇನಿ ಅಂದ್ರು, ಅವ್ವಾರ.”

“ನನ್ನ ಕಡಿಂದ?” ಅವರು ಜೋರಾಗಿ ನಕ್ಕರು. “ನಾ ಗುಂಡಿ ಸುದ್ಧಾ ಹಚ್ಚಿದಾಕಿ ಅಲ್ಲವಾ. ನಮ್ಮ ಮನೀಗೆ ಕೌದಿ ಹೊಲ್ಯಾವ್ರು ಬರ್ತಿದ್ರು, ಕಟ್ಟೀಮ್ಯಾಲೆ ಕೂತು ಹೊಲದು ಜ್ವಾಳ ಇಸ್ಕೊಂಡು ಹೋಗ್ತಿದ್ರು. ಇಕಿ ಅವರ ಹತ್ರನೂ ಹೋದಾಕಿ ಅಲ್ಲ, ಸೂಜಿ ಚುಚ್ಚತದ ಅಂತ ಅಳಾಕಿ.”

ಅಕ್ಕ ತಿರುಗಿ ನೋಡಿದರು. ಅವರ ಬಲಗೈಯಲ್ಲಿ ಸೂಜಿಯಿತ್ತು. ಮೇಜಿನ ಮೇಲಿದ್ದ ಎಲ್ಲ ತುಂಡುಗಳೂ ಬಲಕ್ಕೆ ಏರಿದ್ದವು. ಮೂಲೆಗಳಲ್ಲಿ ಹೂವಿರಲಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಬಟ್ಟಲಿನಲ್ಲಿ ಅಕ್ಕಿಯಿತ್ತು.

ಸೀರೆಗಳ ರ‍್ಯಾಕಿನ ಹಿಂದೆ ನಿಂತು ಮಾತಾಡಿದೆವು.

“ಹಂಗಲ್ಲವಾ, ತಪ್ಪು ತಿಳ್ಕೋಬ್ಯಾಡ,” ಎಂದರು ಅಕ್ಕ. “ಕಸ್ಟಮರ್ಸ್ ಕನ್‌ಫ್ಯೂಸ್ ಆಗ್ತಾರ. ಇಂಡಿಯನ್ ಕ್ರಾಫ್ಟ್ ಅಂತ ರಿಜಿಸ್ಟರ್ ಮಾಡಿರ್ತಾರ, ನಿನ್ನ ನೋಡಿ ಇದ್ಯಾವ ಕ್ಲಾಸಿಗೆ ಬಂದೇವಿ ಅಂತಾರ. ಇಬ್ರು ಕೇಳೇ ಬಿಟ್ರು.”

“ನೀವು ಏನಂದ್ರಿ?”

“ಪ್ರತಿ ಸಲ ಎಕ್ಸ್‌ಪ್ಲೇನ್ ಮಾಡ್ಕೋತ ಕೂಡಾಕ ಆಗ್ತದೇನು? ಆಫ್ರಿಕಾ, ಹಳಿಯಾಳ, ಹಿಸ್ಟರಿ... ಟೂ ಮಚ್.”

“ಊಟದ ದಿನ ಬಾಗಲದಾಗ ನೀವ ಎಕ್ಸ್‌ಪ್ಲೇನ್ ಮಾಡಿದ್ರಿ, ಅಕ್ಕಾ. ಒಂದ ಮಾತಿನ್ಯಾಗ ಮುಗದಿತ್ತು.”

“ಅದು ಊಟ. ಇದು ಬಿಸಿನೆಸ್,” ಎಂದರು. “ನೀ ಎಲ್ಲೂ ಹೋಗೂದಿಲ್ಲ. ಹಿಂದ ಇರು. ಬಟ್ಟಿ ಕತ್ತರಿಸೂದು, ಸ್ಯಾಂಪಲ್ ಮಾಡೂದು, ಎಲ್ಲಾ ನಿಂದ. ಮುಂದ ನಾ ನಿಂದರ್ತೀನಿ.”

ಹಿಂದಿನ ಬಾಗಿಲು ಎಲ್ಲಿದೆ ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ; ನಿಜವಾಗಿಯೂ ಕೈ ಮಾಡಿ ತೋರಿಸಿದರು. ನಾನು ಮುಂದಿನ ಬಾಗಿಲಿನಿಂದ ಹೊರಬಂದೆ. ತಾಯಿ ಹಿಂದಿನಿಂದ ಕೂಗಿದರು: “ಚಾ ಕುಡದ ಹೋಗವಾ!”

ಮುಂದಿನ ಭಾನುವಾರ ಪ್ರೊಫೆಸರ್ ಮನೆಯಲ್ಲಿ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದೆ. ಒಪ್ಪಂದ ಎಲ್ಲಿ ಎಂದು ಕೇಳಿದರು. ಇಲ್ಲ ಎಂದೆ. ನಂಬರ್ ಕೊಟ್ಟಿದ್ದೆನಲ್ಲ ಎಂದರು. ನಮ್ಮ ಕಡೆಯವರು ಎಂದು ಕೇಳಲಿಲ್ಲ ಎಂದೆ. ಜಡೆ ಹೆಣೆಯುವವಳು ತಲೆಯೆತ್ತದೆ, ನಾನೂ ಜಡೆ ಹೆಣೆಯುವ ಅಂಗಡಿಯೊಂದನ್ನು ನನ್ನ ಚರ್ಚಿನವಳ ಜೊತೆ ಶುರು ಮಾಡಿದ್ದೆ, ಈಗ ಅದು ಅವಳದು ಎಂದಳು. ಪ್ರೊಫೆಸರ್ ವಕೀಲೆಯ ನಂಬರನ್ನು ಮತ್ತೆ ಕೊಟ್ಟರು. ಈ ಸಲ ಫೋನ್ ಮಾಡಿದೆ. ಹೆಸರು, ಕೋಣೆ, ವೆಬ್‌ಸೈಟು ಮೂರೂ ಅಕ್ಕನವು. ಹೊಲಿಯುವ ಬಗೆ ಯಾರ ಹೆಸರಿನಲ್ಲೂ ಇರುವಂಥದ್ದಲ್ಲ, ಇದರಲ್ಲಿ ನಾನು ಮಾಡುವಂಥದ್ದು ಕಡಿಮೆ ಎಂದು ವಕೀಲೆ ಹೇಳಿದರು.

ಆ ರಾತ್ರಿ ಎಂದಲ್ಲ, ಬಹಳ ದಿನ, ನನ್ನನ್ನು ಕಾಡಿದ್ದು ಅಂಗಡಿಯ ಮಾತುಗಳಲ್ಲ. ಯುಗಾದಿಯ ದಿನ ಹೆಗಲ ಮೇಲೆ ಬಿದ್ದ ಕೈ. ಆ ಕೈ ಸುಳ್ಳಾಗಿರಲಿಲ್ಲ. ಅದನ್ನು ಸುಳ್ಳೆಂದು ಬರೆಯಲು ನನ್ನ ಬಳಿ ಆಧಾರವಿಲ್ಲ.

ಜನವರಿಯ ಕೋರ್ಸನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಚಳಿಗಾಲ ಪೂರ್ತಿ ಬೇರೆಯವರ ಪ್ರಬಂಧ ತಿದ್ದಿದೆ. ಅಕ್ಕನ ತಾಯಿ ಊರಿಗೆ ಮರಳುವ ಮೊದಲು ಫೋನ್ ಮಾಡಿ, “ಮನಿ ಕಡೆ ಬರವಲ್ಲಿ, ಸಿಟ್ಟೇನು?” ಎಂದು ಕೇಳಿದರು. ಕೆಲಸ ಅದ ರೀ ಅವ್ವಾರ ಎಂದೆ. ಈಗ ಭಾನುವಾರ ಮಧ್ಯಾಹ್ನ ಮಿಲ್ಟನ್‌ನ ಗ್ರಂಥಾಲಯದ ಕೋಣೆಯಲ್ಲಿ ಕೌದಿ ಕಲಿಸುತ್ತೇನೆ. ಕಳೆದ ವಾರ ಮೂವರು ಬಂದಿದ್ದರು, ಒಬ್ಬರು ಪ್ರೊಫೆಸರ್.

ಇವತ್ತು ಬೆಳಿಗ್ಗೆ ನೋಡಿದಾಗ, ವುಡ್‌ಬ್ರಿಡ್ಜ್‌ನ ತರಗತಿಗಳು ಈ ತಿಂಗಳು ಭರ್ತಿಯಾಗಿವೆ ಎಂದು ವೆಬ್‌ಸೈಟಿನಲ್ಲಿತ್ತು. ಮೊದಲ ಪುಟದ ಚಿತ್ರ ಬದಲಾಗಿಲ್ಲ. ಅದರಲ್ಲಿ ಸೂಜಿ ಎಡಗೈಯಲ್ಲಿದೆ.