ಆಯುಧಪೂಜೆಯಂದು ಆರಿಸಿದ ಇನ್‌ಕ್ಯುಬೇಟರ್

ಸುಮಾ, ನಿನ್ನ ಜೀವಕೋಶಗಳನ್ನು ಕೊಂದವನು ನಾನು. 1999ರ ಆಯುಧಪೂಜೆಯ ಮಧ್ಯಾಹ್ನ, ಹಾಸನದ ನಮ್ಮ ಪ್ರಯೋಗಾಲಯದಲ್ಲಿ, ನೀನು ಕೋಶಗಳನ್ನು ಬೆಳೆಸುತ್ತಿದ್ದ ಬೆಚ್ಚನೆಯ ಪೆಟ್ಟಿಗೆ, ಕಿಟಕಿಯ ಪಕ್ಕದ ಇನ್‌ಕ್ಯುಬೇಟರಿನ ಎದುರು ನಿಂತಿದ್ದೆ. ಎಡಗೈಯಲ್ಲಿ ಕುಂಕುಮದ ಬಟ್ಟಲು. ಬಲಗೈಯಿಂದ ಸ್ವಿಚ್ ಆರಿಸಿದೆ.

ಹಬ್ಬಕ್ಕೆ ಚನ್ನರಾಯಪಟ್ಟಣಕ್ಕೆ ಹೊರಟಾಗ ನೀನು ಹೇಳಿದ್ದೆ — "ಅಣ್ಣಾ, ಪೂಜೆ ಮಾಡಿ, ಆದ್ರೆ ಇದನ್ನ ಮಾತ್ರ ಆಫ್ ಮಾಡ್ಬೇಡಿ." ಪ್ರೋಟೀನುಗಳಿಗೆ ಅಸಿಟೈಲ್ ಎಂಬ ಪುಟ್ಟ ಗುಂಪನ್ನು ಅಂಟಿಸುವ ಕಿಣ್ವವನ್ನು ತಡೆದರೆ ಕೋಶ ಬದುಕುತ್ತದೆಯೇ ಎಂಬುದು ನಿನ್ನ ಪ್ರಶ್ನೆ. ಒಂದು ಸಾಲಿನ ತಟ್ಟೆಗಳಿಗೆ ನೀನು ಕಿಣ್ವವನ್ನು ತಡೆಯುವ ಔಷಧಿ ಹಾಕಿದ್ದೆ. ಹೋಲಿಸಿ ನೋಡಲು ಇನ್ನೊಂದು ಸಾಲನ್ನು ಹಾಗೆಯೇ ಬಿಟ್ಟಿದ್ದೆ. ಎರಡಕ್ಕೂ ನಮ್ಮ ಮೈಯಷ್ಟೇ ಬಿಸಿ ಬೇಕಿತ್ತು. ಅದು ನನಗೆ ಗೊತ್ತಿತ್ತು.

ಆದರೂ — ಹೂ ಮುಡಿಸುತ್ತಿದ್ದ ಅಟೆಂಡರ್ ಪುಟ್ಟಸ್ವಾಮಿ ನಕ್ಕ. "ವರ್ಸೆಲ್ಲ ದುಡ್ದೈತೆ, ಇವತ್ತೊಂದಿನ ಮಲೀಕಳ್ಲಿ ಬುಡಿ ಸಾ. ಓಡೋ ಮಿಷಿನ್ಗೆ ಯಾರಾದ್ರೂ ಕುಂಕುಮ ಇಕ್ತಾರಾ?" ನಮ್ಮ ಮನೆಯಲ್ಲಿ ಅಪ್ಪನ ಹೊಲಿಗೆ ಯಂತ್ರವನ್ನೂ ನಿಲ್ಲಿಸಿಯೇ ಪೂಜಿಸುತ್ತಿದ್ದೆವು. ಮಂಗಳಾರತಿಯಾದ ಕೂಡಲೇ ಹಾಕಿದರಾಯಿತು ಅಂದುಕೊಂಡೆ. ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿ, ಬೀಗ ಹಾಕಿ ಹೊರಟುಬಿಟ್ಟೆ.

ವಿಜಯದಶಮಿಯ ಮರುದಿನ ನಿನಗಿಂತ ಮೊದಲೇ ಬಂದೆ. ಪೆಟ್ಟಿಗೆ ತಣ್ಣಗಿತ್ತು. ಸದ್ದಿಲ್ಲದೆ ಸ್ವಿಚ್ ಹಾಕಿದೆ. ಮರೆತದ್ದು ತಪ್ಪು, ಮುಚ್ಚಿಟ್ಟದ್ದು — ಅದಕ್ಕೆ ಬೇರೆ ಹೆಸರಿದೆ.

ಎರಡೂ ಸಾಲು ಸತ್ತಿದ್ದವು, ಔಷಧಿ ಮುಟ್ಟದ ಸಾಲು ಕೂಡ. ನಮ್ಮಿಬ್ಬರ ಸಂಶೋಧನೆಯ ಗೈಡ್ ಎಲ್ಲರೆದುರೇ ಕೇಳಿದರು, "ಎರಡಕ್ಕೂ ಔಷಧಿ ಸುರಿದ್ಬಿಟ್ಯೇನಮ್ಮ? ಇದೇನು ಹುಳಿಗೆ ಉಪ್ಪು ಹಾಕೋ ಕೆಲ್ಸಾನಾ?" ನೀನು ನನ್ನ ಕಡೆ ತಿರುಗಿದೆ.

"ನಾನೇ ಹಾಕ್ಬಿಟ್ನೇನೋ... ಅಲ್ವಾ ಅಣ್ಣಾ?"

ನನ್ನ ಪ್ರಬಂಧಕ್ಕೆ ಅದೇ ಗೈಡ್ ಅವರ ಸಹಿ ಬಾಕಿಯಿತ್ತು.

"ಇರ್ಬೋದು ಕಣಮ್ಮ" ಅಂದೆ.

ಅಂದಿನಿಂದ ಹನಿ ಅಳೆದು ಹಾಕುವ ಪಿಪೆಟ್ ಹಿಡಿದಾಗಲೆಲ್ಲ ನೀನು ತಟ್ಟೆಯ ಮೇಲಿನ ಚೀಟಿಯನ್ನು ಮೂರು ಸಲ ಓದುತ್ತಿದ್ದೆ. ಒಂದೇ ಹನಿ ಹಾಕಿ, ಹಾಕಿದೆನೋ ಇಲ್ಲವೋ ಎಂದು ನನ್ನನ್ನೇ ಕೇಳುತ್ತಿದ್ದೆ. ಯುಗಾದಿಗೆ ಮುಂಚೆ ನೀನು ಸಂಶೋಧನೆಯನ್ನೇ ಬಿಟ್ಟೆ. ನಾನು ಡಾಕ್ಟರೇಟ್ ಪಡೆದು ಮೇಷ್ಟ್ರಾದೆ. ಈಗಲೂ ಆ ಕಿಣ್ವದ ಪಾಠ ಬಂದಾಗ ಕೊನೆಯ ಬೆಂಚಿನಲ್ಲಿ ನೀನು ಕೂತಿದ್ದೀಯೇನೋ ಎಂದು ತಲೆಯೆತ್ತಲು ಹೆದರುತ್ತೇನೆ. ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತರೆ — ಯಾರು ಹತ್ತುತ್ತಾರೋ ಎಂದು ಉಸಿರು ಹಿಡಿಯುತ್ತೇನೆ.

ನಿನ್ನ ಕೈ ತಪ್ಪಿರಲಿಲ್ಲ, ಸುಮಾ. ಇದನ್ನು ಗೈಡ್‌ಗೂ ಬರೆದು ಕಳಿಸಿದ್ದೇನೆ. ನನ್ನ ಮಾತನ್ನು ನಂಬಲು ನಿನಗೆ ಕಾರಣವಿಲ್ಲ. ಪುಟ್ಟಸ್ವಾಮಿ ನಿವೃತ್ತನಾಗಿ ಬೂವನಹಳ್ಳಿಯಲ್ಲಿದ್ದಾನೆ. ನಾನು ಸ್ವಿಚ್ ಆರಿಸಿದ್ದನ್ನು ಕಣ್ಣಾರೆ ಕಂಡವನು ಅವನೊಬ್ಬನೇ. ಇದುವರೆಗೆ ಅವನನ್ನು ಯಾರೂ ಕೇಳಿಲ್ಲ.